ಹೊದಿಗೆರೆಯ ಸಮಾಧಿ

ವಯಸ್ಸಾದ ತಂದೆ ತೀರಿಕೊಂಡರೆ ಲೋಕ ಅದನ್ನು ದೊಡ್ಡ ದುಃಖವೆಂದು ಎಣಿಸುವುದಿಲ್ಲ. ತುಂಬಿದ ಬಾಳು, ಹಣ್ಣೆಲೆ ಉದುರಿತು ಎಂದು ಬಂದವರು ಸಮಾಧಾನ ಹೇಳಿ ಹೋಗುತ್ತಾರೆ. ಉತ್ತರಕ್ರಿಯೆಗಳು ಮುಗಿದ ಮೇಲೆ ಮನೆಯಲ್ಲಿ ಎರಡು ಮಾತುಗಳು ಏಳುತ್ತವೆ. ಆಸ್ತಿಯ ಪಾಲು ಹೇಗೆ ಎಂಬುದು ಒಂದು. ಹೋದವರು ಎಂಥ ಮನುಷ್ಯರಾಗಿದ್ದರು ಎಂಬುದು ಇನ್ನೊಂದು. ಮೊದಲನೆಯದು ಗಟ್ಟಿಯಾಗಿಯೇ ಕೇಳಿಸುತ್ತದೆ. ಎರಡನೆಯದು ಏಳುವುದು ತಡವಾಗಿ, ಮೆಲ್ಲನೆ. ದೊಡ್ಡ ಮನೆತನಗಳಲ್ಲಿಯೂ ಇದು ಬೇರೆಯಾಗಿರಲಿಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ನಿದರ್ಶನವಿದೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಹೊದಿಗೆರೆ ಎಂಬ ಊರಿದೆ. ಅಲ್ಲಿ ಆಡಂಬರವಿಲ್ಲದ ಒಂದು ಕಲ್ಲಿನ ಸಮಾಧಿ. ಛತ್ರಪತಿ ಶಿವಾಜಿಯ ತಂದೆ ಶಹಾಜಿ ಭೋಂಸ್ಲೆಯದು ಅದು. ಮರಾಠಾ ರಾಜ್ಯವನ್ನು ಕಟ್ಟಿದವನ ತಂದೆ ತನ್ನ ಹುಟ್ಟೂರಿನಿಂದ ಇಷ್ಟು ದೂರ, ಕನ್ನಡನಾಡಿನ ನಡುವೆ ಕೊನೆಯುಸಿರೆಳೆದದ್ದು ಹೇಗೆ ಎಂದು ಕೇಳುವವರಿಗೆ ಅವನ ಬಾಳನ್ನೇ ಉತ್ತರವಾಗಿ ಹೇಳಬೇಕಾಗುತ್ತದೆ.

ಶಹಾಜಿ ವೇರುಳಿನ ಮಾಲೋಜಿ ಭೋಂಸ್ಲೆಯ ಮಗ. ಹುಟ್ಟಿದ್ದು 1594ರಲ್ಲಿ ಎಂದು ಕೆಲವರು, 1599ರಲ್ಲಿ ಎಂದು ಕೆಲವರು. ಅಹಮದ್‌ನಗರದ ಷಾ ಷರೀಫ್ ಎಂಬ ಪೀರರಿಗೆ ಹರಕೆ ಹೊತ್ತು ಪಡೆದ ಮಕ್ಕಳೆಂದು ಒಬ್ಬನಿಗೆ ಶಹಾಜಿ, ಇನ್ನೊಬ್ಬನಿಗೆ ಶರೀಫಜಿ ಎಂದು ಹೆಸರಿಟ್ಟರೆಂಬುದು ಐತಿಹ್ಯ. 1624ರ ಭಾತವಡಿ ಯುದ್ಧದಲ್ಲಿ ಅಣ್ಣತಮ್ಮಂದಿರಿಬ್ಬರೂ ಮಲಿಕ್ ಅಂಬರನ ಪಕ್ಷದಲ್ಲಿ ಹೋರಾಡಿದರು. ತಮ್ಮ ಅಲ್ಲಿಯೇ ಮಡಿದ. 1629ರಲ್ಲಿ ಶಹಾಜಿಯ ಮಾವ, ಜೀಜಾಬಾಯಿಯ ತಂದೆ ಲಖೂಜಿ ಜಾಧವ ದೌಲತಾಬಾದಿನಲ್ಲಿ ನಿಜಾಮಶಾಹನ ಆಜ್ಞೆಯಿಂದ ಕೊಲೆಯಾದ. ಸೇವೆ ಮಾಡಿದವನನ್ನು ಒಡೆಯನೇ ಕೊಲ್ಲಿಸುವ ಕಾಲ ಅದು. ಆದರೂ 1633ರಲ್ಲಿ ದೌಲತಾಬಾದ್ ಮೊಗಲರ ವಶವಾದಾಗ ಶಹಾಜಿ ಆ ನಿಜಾಮಶಾಹಿ ವಂಶದ ಬಾಲಕನೊಬ್ಬನನ್ನೇ ಪಟ್ಟಕ್ಕೆ ಕೂರಿಸಿ, ಮುಳುಗುತ್ತಿದ್ದ ರಾಜ್ಯವನ್ನು ಮೂರು ವರ್ಷ ಎತ್ತಿಹಿಡಿದ. 1636ರಲ್ಲಿ ಮೊಗಲರೂ ಬಿಜಾಪುರದವರೂ ಒಂದಾದರು. ಮಾಹುಲಿ ಕೋಟೆಯಲ್ಲಿ ಶಹಾಜಿ ಸೋತು, ಬಾಲಕನನ್ನು ಒಪ್ಪಿಸಿ, ಬಿಜಾಪುರದ ಆದಿಲಶಾಹನ ಸೇವೆಗೆ ಸೇರಬೇಕಾಯಿತು. ತಂದೆಯ ಕೈಯಲ್ಲಿ ನಿಲ್ಲದೆ ಹೋದ ಆ ಕೆಲಸವನ್ನು ಮುಂದೆ ಮಗ ಬೇರೆ ದಾರಿಯಿಂದ ಸಾಧಿಸಿದನೆಂದರೆ ತಪ್ಪಾಗಲಾರದು.

ಅಲ್ಲಿಂದ ಮುಂದೆ ಶಹಾಜಿಯ ಬಾಳು ಕನ್ನಡನಾಡಿನದಾಯಿತು. ಬಿಜಾಪುರದ ಸೇನಾನಿ ರಣದುಲ್ಲಾ ಖಾನನೊಡನೆ ದಕ್ಷಿಣಕ್ಕೆ ಬಂದ. 1638ರಲ್ಲಿ ಬೆಂಗಳೂರಿನ ಕೋಟೆ ಕೆಂಪೇಗೌಡನ ವಂಶದವರ ಕೈತಪ್ಪಿತು. ಅವರು ಮಾಗಡಿಗೆ ಸರಿದರು. ಬೆಂಗಳೂರು ಶಹಾಜಿಯ ಜಹಗೀರಾಯಿತು. ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಶಿರಾ ಸೀಮೆಗಳೂ ಕ್ರಮೇಣ ಅವನ ಆಡಳಿತಕ್ಕೆ ಬಂದವು. ಅವನು ಬರಿಯ ದಂಡಾಳುವಾಗಿರಲಿಲ್ಲ. ಅವನ ಆಸ್ಥಾನದಲ್ಲಿದ್ದ ಜಯರಾಮ ಪಿಂಡ್ಯೆ ‘ರಾಧಾಮಾಧವವಿಲಾಸ ಚಂಪೂ’ ಎಂಬ ಕೃತಿ ರಚಿಸಿದ. ಹಲವು ಭಾಷೆಗಳ ಕವಿಗಳು ಅಲ್ಲಿ ನೆರೆಯುತ್ತಿದ್ದುದನ್ನು ಆ ಕೃತಿಯಿಂದ ತಿಳಿಯಬಹುದು.

ಆದರೆ ಮನೆ ಎರಡಾಗಿತ್ತು. ಜೀಜಾಬಾಯಿಯೂ 1630ರಲ್ಲಿ ಹುಟ್ಟಿದ ಶಿವಾಜಿಯೂ ಬೆಂಗಳೂರಿನಲ್ಲಿ ಸ್ವಲ್ಪ ಕಾಲವಿದ್ದು ಪುಣೆಯ ಜಹಗೀರಿಗೆ ಹಿಂದಿರುಗಿದರು. ಇನ್ನೊಬ್ಬ ಹೆಂಡತಿ ತುಕಾಬಾಯಿಯೂ ಅವಳ ಮಗ ಏಕೋಜಿಯೂ ಶಹಾಜಿಯ ಬಳಿ ಉಳಿದರು. ಹೀಗೆ ಒಬ್ಬ ಮಗ ತಂದೆಯ ಕಣ್ಣೆದುರು ಬೆಳೆದ. ಇನ್ನೊಬ್ಬ ತಂದೆಯ ಹೆಸರನ್ನು ಕೇಳುತ್ತ ಬೆಳೆದ. ಶಿವಾಜಿಯ ಪತ್ರಗಳ ಮೇಲಿನ ಸಂಸ್ಕೃತ ಮುದ್ರೆಯನ್ನು ಓದುಗರು ಚಿತ್ರಗಳಲ್ಲಿ ನೋಡಿರಬಹುದು. ಅದು ಅವನನ್ನು ಗುರುತಿಸುವುದು ಶಾಹನ ಮಗನೆಂದೇ.

ಮಗನ ಸಾಹಸ ತಂದೆಗೆ ಸುಖ ತರಲಿಲ್ಲ. ಪುಣೆಯ ಸುತ್ತ ಶಿವಾಜಿ ಕೋಟೆಗಳನ್ನು ಹಿಡಿಯತೊಡಗಿದ್ದಾಗಲೇ, 1648ರಲ್ಲಿ, ಜಿಂಜಿಯ ಪಾಳೆಯದಲ್ಲಿ ಶಹಾಜಿಯ ಸೆರೆಯಾಯಿತು. ಮಗನ ತಪ್ಪಿಗೆ ತಂದೆಯನ್ನು ಹಿಡಿದರೆಂದು ಕೆಲವು ಇತಿಹಾಸಕಾರರು, ಶಹಾಜಿಯ ಸ್ವಂತ ನಡವಳಿಕೆಯೇ ಕಾರಣವೆಂದು ಇನ್ನು ಕೆಲವರು ಹೇಳುತ್ತಾರೆ. ಶಿವಾಜಿಗೆ ಆಗ ಹದಿನೆಂಟು ವರ್ಷ. ಮೊಗಲ ರಾಜಕುಮಾರ ಮುರಾದನಿಗೆ ಪತ್ರ ಬರೆದ. ಕೊನೆಗೆ ಕೊಂಡಾಣ ಕೋಟೆಯನ್ನು ಬಿಜಾಪುರಕ್ಕೆ ಬಿಟ್ಟುಕೊಟ್ಟ. 1649ರಲ್ಲಿ ತಂದೆಯ ಬಿಡುಗಡೆಯಾಯಿತು. ಕೆಲವು ವರ್ಷಗಳಲ್ಲಿ ಜೀಜಾಬಾಯಿಯ ಹಿರಿಯ ಮಗ ಸಂಭಾಜಿ ಕನಕಗಿರಿಯ ಮುತ್ತಿಗೆಯಲ್ಲಿ ಸತ್ತ. ಮುಪ್ಪಿನಲ್ಲಿ ಮಗನನ್ನು ಕಳೆದುಕೊಂಡ ಶಹಾಜಿ, ತನ್ನ ಇನ್ನೊಬ್ಬ ಮಗನೊಡನೆ ಹೋರಾಡುತ್ತಿದ್ದ ಒಡೆಯನ ಸೇವೆಯಲ್ಲಿಯೇ ಉಳಿದ. ಒಮ್ಮೆ ಶಹಾಜಿ ಮಗನನ್ನು ಕಾಣಲು ಹೋದನೆಂದೂ, ಶಿವಾಜಿ ತಂದೆಯ ಪಲ್ಲಕ್ಕಿಯ ಜೊತೆ ಬರಿಗಾಲಲ್ಲಿ ನಡೆದನೆಂದೂ ಬಖರುಗಳು ಬಣ್ಣಿಸುತ್ತವೆ. ಬಖರಿನ ಮಾತನ್ನೆಲ್ಲ ಇತಿಹಾಸವೆನ್ನಲಾಗದು. ಆದರೂ ಇದು ನಡೆದಿರಲೆಂದು ಮನಸ್ಸು ಬಯಸುತ್ತದೆ.

1664ರ ಜನವರಿ. ಶಿವಾಜಿ ಸೂರತ್ತನ್ನು ಲೂಟಿಮಾಡಿ ಹತ್ತನೆಯ ತಾರೀಕು ಅಲ್ಲಿಂದ ಹೊರಟಿದ್ದ. ಅದೇ ತಿಂಗಳು ಇಪ್ಪತ್ತಮೂರರಂದು ಹೊದಿಗೆರೆಯ ಕಾಡಿನಲ್ಲಿ ಬೇಟೆಯಾಡುತ್ತಿದ್ದ ಶಹಾಜಿಯ ಕುದುರೆ ಮುಗ್ಗರಿಸಿತು. ಬಿದ್ದ ಮುದುಕ ಮತ್ತೆ ಏಳಲಿಲ್ಲ. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿಯೂ ಕುದುರೆಯ ಮೇಲಿದ್ದವನು ಕುದುರೆಯಿಂದಲೇ ಹೋದ. ಶಿವಾಜಿ ಸೂರತ್ತಿನ ಐಶ್ವರ್ಯದೊಡನೆ ರಾಜಗಡಕ್ಕೆ ಮರಳಿದಾಗ ಅವನನ್ನು ಎದುರುಗೊಂಡದ್ದು ಈ ಸುದ್ದಿ. ಜೀಜಾಬಾಯಿ ಸಹಗಮನಕ್ಕೆ ಸಿದ್ಧಳಾದಳೆಂದೂ, ಶಿವಾಜಿ ಅವಳ ಮಡಿಲಲ್ಲಿ ಕುಳಿತು ಬೇಡಿಕೊಂಡು ತಡೆದನೆಂದೂ ಹೇಳುತ್ತಾರೆ. ತಾಯಿ ಉಳಿದಳು. 1674ರ ಜೂನ್ 6ರಂದು ಮಗನ ಪಟ್ಟಾಭಿಷೇಕವನ್ನು ಕಂಡು, ಹನ್ನೊಂದು ದಿನಗಳ ಮೇಲೆ ಕಣ್ಣುಮುಚ್ಚಿದಳು.

ಇನ್ನು ಪಾಲಿನ ಮಾತು. ಶಹಾಜಿಯ ಜಹಗೀರೆಲ್ಲ ಏಕೋಜಿಯ ಕೈಯಲ್ಲಿತ್ತು. ಅವನು ತಂಜಾವೂರನ್ನೂ ಗೆದ್ದುಕೊಂಡಿದ್ದ. 1677ರಲ್ಲಿ ದಕ್ಷಿಣಕ್ಕೆ ದಂಡೆತ್ತಿ ಬಂದ ಶಿವಾಜಿ ಕೊಳ್ಳಿಡಂ ನದಿಯ ದಡದ ತಿರುಮಳವಾಡಿಯಲ್ಲಿ ತಮ್ಮನನ್ನು ಕರೆಸಿಕೊಂಡ. ತಂದೆ ತೀರಿ ಹದಿಮೂರು ವರ್ಷ ಸೊತ್ತನ್ನೆಲ್ಲ ನೀನೊಬ್ಬನೇ ಅನುಭವಿಸಿದೆ, ನನ್ನ ಅರ್ಧ ಕೊಡು ಎಂಬುದು ಅವನ ವಾದ. ಏಕೋಜಿ ಒಪ್ಪಲಿಲ್ಲ, ರಾತ್ರೋರಾತ್ರಿ ನದಿ ದಾಟಿ ತಂಜಾವೂರಿಗೆ ಓಡಿದ. ಶಿವಾಜಿ ಕೋಲಾರ, ಹೊಸಕೋಟೆ, ಬೆಂಗಳೂರು, ಶಿರಾ ಸೀಮೆಗಳನ್ನು ಹಿಡಿದ. ಅಣ್ಣತಮ್ಮಂದಿರ ಸೇನೆಗಳು ಹೊಡೆದಾಡಿ ರಕ್ತವೂ ಹರಿಯಿತು. ಕೊನೆಗೆ ಶಹಾಜಿಯ ಕಾಲದಿಂದ ಮನೆಯನ್ನು ಬಲ್ಲ ಮಂತ್ರಿ ರಘುನಾಥ ಪಂತ ಹಣಮಂತೆ ನಡುವೆ ನಿಂತು ರಾಜಿ ಮಾಡಿಸಿದ. ಬೆಂಗಳೂರು ಸೀಮೆಯನ್ನು ಶಿವಾಜಿ ಏಕೋಜಿಯ ಹೆಂಡತಿ ದೀಪಾಬಾಯಿಗೆ ಬಿಟ್ಟುಕೊಟ್ಟ, ತವರಿನವರು ಹೆಣ್ಣುಮಗಳಿಗೆ ಅರಿಸಿನ ಕುಂಕುಮಕ್ಕೆಂದು ಕೊಡುವ ಹಾಗೆ.

ಎರಡನೆಯ ಮಾತು ಎದ್ದದ್ದು ಇದಾದ ಮೇಲೆ. ಸೋತ ಏಕೋಜಿ ರಾಜ್ಯದ ಕೆಲಸ ಬಿಟ್ಟು, ದೇಹವನ್ನೂ ಗಮನಿಸದೆ, ವೈರಾಗ್ಯ ಹಿಡಿದು ಕುಳಿತನೆಂದು ರಘುನಾಥ ಪಂತ ಶಿವಾಜಿಗೆ ತಿಳಿಸಿದ. ಆಗ ಶಿವಾಜಿ ತಮ್ಮನಿಗೆ ಬರೆದ ಪತ್ರವನ್ನು ಇತಿಹಾಸಕಾರರು ಕಾಪಾಡಿಕೊಂಡು ಬಂದಿದ್ದಾರೆ. ಅದರಲ್ಲಿ ಪಾಲಿನ ಮಾತಿಲ್ಲ, ತಂದೆಯ ಮಾತಿದೆ. ನಮ್ಮ ತಂದೆ ಎಂಥೆಂಥ ಕಷ್ಟಗಳನ್ನು ದಾಟಿದರು, ಧೈರ್ಯ ಬಿಡದೆ ಹೇಗೆ ಹೆಸರು ಗಳಿಸಿದರು, ಕೊನೆಯವರೆಗೆ ಅದನ್ನು ಹೇಗೆ ಉಳಿಸಿಕೊಂಡರು ಎಂಬುದೆಲ್ಲ ನಿನಗೆ ಗೊತ್ತಿದೆ. ಅವರ ಬಳಿಯಿದ್ದು ಕಲಿಯುವ ಭಾಗ್ಯ ನಿನ್ನದಾಗಿತ್ತು. ಹೀಗಿರುವಾಗ ನೀನು ಕೈಕಟ್ಟಿ ಕೂರಬಹುದೆ ಎಂಬುದು ಅದರ ತಾತ್ಪರ್ಯ. ತಂದೆಯ ಬಳಿ ಬೆಳೆಯದ ಮಗ, ಬಳಿಯಲ್ಲಿ ಬೆಳೆದವನಿಗೆ ತಂದೆಯನ್ನು ನೆನಪಿಸುತ್ತಿದ್ದಾನೆ. ಆ ಬುದ್ಧಿಮಾತಿನ ಅಡಿಯಲ್ಲಿ ಸಣ್ಣ ಹೊಟ್ಟೆಯುರಿಯೂ ಇತ್ತೇನೋ! ಬೆಂಗಳೂರಿನ ಪಾಲನ್ನು ಕೇಳಿ ಪಡೆಯಬಹುದಾಗಿತ್ತು, ಬಿಟ್ಟುಕೊಡಲೂಬಹುದಾಗಿತ್ತು. ತಂದೆಯೊಡನೆ ಕಳೆಯದೆ ಹೋದ ವರ್ಷಗಳನ್ನು ಯಾವ ದಂಡು ಗೆದ್ದು ತಂದೀತು?

1680ರ ಏಪ್ರಿಲ್‌ನಲ್ಲಿ ಶಿವಾಜಿಯೂ ತೀರಿಕೊಂಡ. ಅಣ್ಣತಮ್ಮಂದಿರು ಕಾದಾಡಿದ ಬೆಂಗಳೂರನ್ನು 1687ರಲ್ಲಿ ಮೊಗಲ ಸೇನಾನಿ ಕಾಸಿಂ ಖಾನ್ ಹಿಡಿದ. ಅದು ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಸೇರಿತು. ಏಕೋಜಿಯ ತಂಜಾವೂರು 1855ರಲ್ಲಿ ಇಂಗ್ಲಿಷರ ಪಾಲಾಯಿತು. ಹೀಗೆ ಪಾಲಾದ ಸೊತ್ತೆಲ್ಲ ಪರರ ಪಾಲಾಗಿ, ತಂದೆಯನ್ನು ನೆನೆದು ಬರೆದ ಆ ಒಂದು ಪತ್ರ ಮಾತ್ರ ಇಂದಿಗೂ ಮನೆಯವರ ಮಾತಿನಂತೆ ಕೇಳಿಸುತ್ತದೆ. ಚನ್ನಗಿರಿಯ ಕಡೆ ಹೋಗುವವರು ಹೊದಿಗೆರೆಯ ಆ ಕಲ್ಲಿನ ಬಳಿ ಒಂದು ಗಳಿಗೆ ನಿಂತು ಬರಬೇಕು.