ಅಟ್ಟದ ಮೇಲಿದ್ದ 24 ಕೋಟಿ

2024ರ ಮೇ ತಿಂಗಳ ಕೊನೆ. ರಾತ್ರಿ ಬುಲೆಟಿನ್‌ನ ಕೊನೇ ಸುದ್ದಿ. ನ್ಯೂಯಾರ್ಕ್‌ನಲ್ಲಿ ಹಳೇ ಗಿಟಾರ್ ಒಂದು 28 ಲಕ್ಷ 57 ಸಾವಿರ ಡಾಲರ್‌ಗೆ ಹರಾಜಾಗಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು 24 ಕೋಟಿ ರೂಪಾಯಿ! ಇಪ್ಪತ್ತು ಸೆಕೆಂಡಲ್ಲಿ ಓದಿ ಮುಗಿಸಿದೆ, ಶುಭರಾತ್ರಿ ಹೇಳಿ ಎದ್ದೆ. ಆದ್ರೆ ತಲೆಯಲ್ಲೊಂದು ಹುಳ ಉಳೀತು. ಆ ಗಿಟಾರ್ ಮಾಡಿದವರು ಯಾರು?

ನುಡಿಸಿದವರು ಯಾರು ಅನ್ನೋದು ಜಗತ್ತಿಗೇ ಗೊತ್ತು. ಬೀಟಲ್ಸ್ ತಂಡದ ಜಾನ್ ಲೆನನ್. 1965ರ 'ಹೆಲ್ಪ್!' ಆಲ್ಬಮ್‌ನಲ್ಲಿ ಕೇಳಿಸೋದು ಇದೇ ಗಿಟಾರ್. ಆಮೇಲೆ ಲೆನನ್ ಇದನ್ನು ಗೆಳೆಯ, ಗಾಯಕ ಗಾರ್ಡನ್ ವಾಲರ್‌ಗೆ ಕೊಟ್ಟರು. ವಾಲರ್ ತಮ್ಮ ಮ್ಯಾನೇಜರ್‌ಗೆ ಕೊಟ್ಟರು. ಅಲ್ಲಿಂದ ಅದು ಇಂಗ್ಲೆಂಡಿನ ಹಳ್ಳಿಮನೆಯೊಂದರ ಅಟ್ಟ ಸೇರ್ತು. ಐವತ್ತು ವರ್ಷ ಅಲ್ಲೇ ಧೂಳು ತಿಂತು. ಅದರ ಪೆಟ್ಟಿಗೆಯಂತೂ ಕಸಕ್ಕೇ ಹೋಗಿತ್ತು, ಹರಾಜಿನವರು ಎತ್ತಿ ತಂದರು.

ಸಾಮಾನ್ಯ ಗಿಟಾರ್‌ಗೆ ಆರು ತಂತಿ. ಇದಕ್ಕೆ ಹನ್ನೆರಡು, ಜೋಡಿ ಜೋಡಿಯಾಗಿ. ನಾಲ್ಕು ಜೋಡಿಗಳಲ್ಲಿ ಒಂದು ತಂತಿ ಕೆಳಗಿನ ಸ್ಥಾಯಿಯಲ್ಲಿದ್ದರೆ, ಪಕ್ಕದ್ದು ಮೇಲಿನ ಸ್ಥಾಯಿಯಲ್ಲಿ. ಉಳಿದೆರಡು ಜೋಡಿಗೆ ಒಂದೇ ಸ್ವರ. ಒಬ್ಬರು ಮೀಟಿದರೂ ಇಬ್ಬರು ನುಡಿಸಿದ ಹಾಗೆ ಕೇಳಿಸುತ್ತೆ. ಆದ್ರೆ ಹನ್ನೆರಡು ತಂತಿಗಳ ಬಿಗಿತ ಹಗಲೂ ರಾತ್ರಿ ಗಿಟಾರ್‌ನ ಕುತ್ತಿಗೆಯನ್ನು ಜಗ್ತಾನೇ ಇರುತ್ತೆ. ವರ್ಷ ಕಳೆದಂತೆ ಕುತ್ತಿಗೆ ವಾಲುತ್ತೆ, ತಂತಿ ಮೇಲೇಳುತ್ತೆ, ಬೆರಳಲ್ಲಿ ಒತ್ತೋಕೇ ಆಗಲ್ಲ. ಇಂಥ ಹಳೇ ವಾದ್ಯವನ್ನು ಸರಿಮಾಡೋದು ಸುಲಭದ ಕೆಲಸವಲ್ಲ. ನುರಿತ ಕುಶಲಕರ್ಮಿಯ ಕೈಲಿ ದುರಸ್ತಿಯಾದ ಮೇಲೇ ಲೆನನ್ ಗಿಟಾರ್ ಮತ್ತೆ ನುಡೀತು.

ಈಗ ನನ್ನ ಪ್ರಶ್ನೆಗೆ ಬರ್ತೀನಿ. ಗಿಟಾರ್ ಮೇಲಿನ ಹೆಸರು 'ಫ್ರಾಮಸ್'. ಜರ್ಮನಿಯ ಕಂಪನಿ. ಆದ್ರೆ ಅದರ ಬೇರು ಇದ್ದದ್ದು ಇಂದಿನ ಜೆಕ್ ಗಣರಾಜ್ಯದ ಷೋನ್‌ಬಾಖ್ ಎಂಬ ಊರಲ್ಲಿ. ತಲೆಮಾರುಗಳಿಂದ ಪಿಟೀಲು, ಗಿಟಾರ್ ಮಾಡ್ತಿದ್ದ ಜರ್ಮನ್ ಮಾತಿನ ಕುಶಲಕರ್ಮಿಗಳ ಊರದು. 1938ರಲ್ಲಿ ಹಿಟ್ಲರ್ ಆ ಪ್ರದೇಶ ನುಂಗಿದ. 1945ರಲ್ಲಿ ಅವನು ಸೋತ. ಆ ಸೋಲಿನ ಬಿಲ್ ಬಂದಿದ್ದು ಅಲ್ಲಿನ ಜರ್ಮನ್ನರಿಗೆ. ಚೆಕೊಸ್ಲೊವಾಕಿಯಾ ಸುಮಾರು 30 ಲಕ್ಷ ಜನರನ್ನು ಹೊರಗಟ್ಟಿತು. ಅಪರಾಧಿ ಯಾರು, ಅಮಾಯಕ ಯಾರು ಅಂತ ಬಿಡಿಸಿ ನೋಡುವ ವ್ಯವಧಾನ ಆಗ ಯಾರಿಗಿತ್ತು?

ಹಾಗೆ ಬಂದವರಿಗಾಗಿ ಓಡಾಡಿದ್ದು ಷೋನ್‌ಬಾಖ್‌ನವರೇ ಆದ ಫ್ರೆಡ್ ವಿಲ್ಫರ್. 1946ರಲ್ಲಿ ಬವೇರಿಯಾದಲ್ಲಿ ಫ್ರಾಮಸ್ ಶುರುಮಾಡಿದರು. ಚದುರಿಹೋದ ಕುಶಲಕರ್ಮಿಗಳನ್ನು ಒಂದೆಡೆ ಸೇರಿಸಲು ಜಾಗ ಬೇಕಿತ್ತು. ಒಪ್ಪಿದ್ದು ಬುಬೆನ್‌ರಾಯ್ಟ್. ಐನೂರು ಜನರೂ ಇಲ್ಲದ ಹಳ್ಳಿ! 1949ರಲ್ಲಿ ಆ ಹಳ್ಳಿ ಸುಮಾರು 2,000 ನಿರಾಶ್ರಿತರಿಗೆ ನೆಲೆ ಕೊಡಲು ತೀರ್ಮಾನಿಸಿತು. ಯುದ್ಧದಲ್ಲಿ ಸೋತು, ತನಗೇ ತಿನ್ನೋಕೆ ಸಾಲದಿದ್ದ ದೇಶದಲ್ಲಿ.

ಮುಂದಿನದ್ದು ಕೇಳಿ. ಷೋನ್‌ಬಾಖ್‌ನ ಇನ್ನೊಂದು ಕಂಪನಿ ಹಾಫ್ನರ್ ಕೂಡ ಅದೇ ಹಳ್ಳಿಗೆ ಬಂತು. ಪಾಲ್ ಮೆಕಾರ್ಟ್ನಿ ಕೈಲಿ ನೋಡಿರ್ತೀರಲ್ಲ, ಪಿಟೀಲಿನ ಆಕಾರದ ಬಾಸ್ ಗಿಟಾರ್? ಅದು ಹಾಫ್ನರ್. 1961ರಲ್ಲಿ ಅವರು ಕೊಂಡಿದ್ದ ಬಾಸ್ 1972ರಲ್ಲಿ ಲಂಡನ್‌ನಲ್ಲಿ ಕಳುವಾಯ್ತು. ಅದೂ ಒಂದು ಅಟ್ಟದಲ್ಲೇ ಇತ್ತು. ಸಿಕ್ಕಿದ ಸುದ್ದಿ ಹೊರಬಿದ್ದಿದ್ದು ಅದೇ 2024ರ ಫೆಬ್ರವರಿಯಲ್ಲಿ! ಒಂದೇ ಊರಿಂದ ಹೊರಹಾಕಲ್ಪಟ್ಟವರ ಕಸುಬು, ಒಂದೇ ತಂಡದ ಇಬ್ಬರು ದಿಗ್ಗಜರ ಕೈಲಿ.

24 ಕೋಟಿಯ ಗಿಟಾರ್ ಮಾಡಿದ ಕೈಗಳ ಹೆಸರು ಆವತ್ತು ನಾನು ಓದಿದ ಸುದ್ದಿಯಲ್ಲಿ ಇರಲಿಲ್ಲ. ಫ್ರಾಮಸ್ ಕೂಡ 1970ರ ದಶಕದಲ್ಲಿ ದಿವಾಳಿಯಾಯ್ತು, ಸಂಸ್ಥಾಪಕರ ಮಗ ದಶಕಗಳ ನಂತರ ಆ ಹೆಸರಿಗೆ ಮತ್ತೆ ಜೀವ ಕೊಟ್ಟರು.

ನಿರಾಶ್ರಿತರು ಅಂದ ಕೂಡಲೇ ಸ್ಟುಡಿಯೋದಲ್ಲಿ ಕೂತು ನಾನು ಕೇಳ್ತಿದ್ದ ಮೊದಲ ಪ್ರಶ್ನೆ, 'ಎಷ್ಟು ಜನ ಬಂದ್ರು?' ಅನ್ನೋದು. 'ಅವರಿಗೆ ಯಾವ ಕೆಲಸ ಬರುತ್ತೆ?' ಅಂತ ಒಂದು ದಿನವೂ ಕೇಳಿದ್ದಿಲ್ಲ. ಇನ್ಮೇಲಾದ್ರೂ ಕೇಳ್ಬೇಕು ಅನ್ಕೊಂಡಿದ್ದೀನಿ.