ಸಡಿಲು ತೆಗೆಯುವ ಕಸುಬು: ಪೂರ್ವ ಬೆಂಗಳೂರಿನಲ್ಲಿ ಗೇರ್ ಬುಷ್ಷಿನ ಚರಿತ್ರೆ

ಯಂತ್ರದಲ್ಲಿ ಒಂದರೊಳಗೊಂದು ತಿರುಗುವ ಅಥವಾ ಜಾರುವ ಎರಡು ಭಾಗಗಳು ನೇರವಾಗಿ ಉಜ್ಜಿಕೊಂಡು ಸವೆಯದಿರಲೆಂದು ಅವುಗಳ ನಡುವೆ ಕೂರಿಸುವ ಕೊಳವೆಯಾಕಾರದ ಸಣ್ಣ ಬಿಡಿಭಾಗಕ್ಕೆ ಬುಷ್ ಎಂದು ಹೆಸರು. ಎತ್ತಿನ ಗಾಡಿಯ ಗುಂಬದೊಳಗೆ ಹೊಡೆದ ಕಬ್ಬಿಣದ ಬಳೆ ಅಚ್ಚಿಗೂ ಮರಕ್ಕೂ ನಡುವೆ ನಿಂತು ಏನು ಮಾಡುತ್ತದೆಯೋ ಅದನ್ನೇ ಬುಷ್ ಮೋಟಾರಿನಲ್ಲಿ ಮಾಡುತ್ತದೆ. ಅಲ್ಲಿ ಕೀಲೆಣ್ಣೆ ಹಾಕುವಂತೆ ಇಲ್ಲಿ ಗ್ರೀಸು ಹಾಕುತ್ತಾರೆ. ದುಬಾರಿಯಾದ ಸರಳು ಉಳಿಯಬೇಕಾದರೆ ಅಗ್ಗದ ಬುಷ್ ಮೊದಲು ಸವೆಯಬೇಕೆಂಬುದೇ ಅದರ ವಿನ್ಯಾಸದ ಉದ್ದೇಶವಾದ್ದರಿಂದ, ಕೈಯಿಂದ ಗೇರ್ ಬದಲಿಸುವ ಯಾವುದೇ ಕಾರಿನಲ್ಲಿ ಕೆಲವು ವರ್ಷಗಳ ಬಳಿಕ ಗೇರ್ ಲಿವರ್ ಸಡಿಲಾಗಿ ಆಡತೊಡಗುವುದು ಅನಿವಾರ್ಯ. ಆ ಆಟವನ್ನು ತೆಗೆಯುವ ಕೆಲಸ ಶಿವಾಜಿನಗರ, ಹಲಸೂರು, ಇಂದಿರಾನಗರಗಳನ್ನು ಒಳಗೊಂಡ ಪೂರ್ವ ಬೆಂಗಳೂರಿನಲ್ಲಿ ಮೊದಲು ಕೊರತೆಯ ಕಾಲದ ದುರಸ್ತಿಯಾಗಿ, ಆಮೇಲೆ ಸಿದ್ಧ ಬಿಡಿಭಾಗದ ಬದಲಾವಣೆಯಾಗಿ, ಈಚೆಗೆ ಓಡಿಸುವ ಸುಖಕ್ಕಾಗಿ ಮಾಡಿಸುವ ಸುಧಾರಣೆಯಾಗಿ ರೂಪ ಬದಲಿಸಿದೆ. ಈ ಮೂರರ ಅಡಿಯಲ್ಲಿಯೂ ಹರಿದಿರುವುದು ಒಂದೇ ತಿಳಿವಳಿಕೆ, ಎಷ್ಟು ಬಿಗಿಯಬೇಕು ಮತ್ತು ಎಷ್ಟು ಸಡಿಲು ಬಿಡಬೇಕು ಎಂಬುದು.

1891ರ ಸುಮಾರಿಗೆ ಫ್ರಾನ್ಸಿನ ಪನಾರ್ ಮತ್ತು ಲೆವಾಸೋರ್ ಸಂಸ್ಥೆಯ ಕಾರುಗಳಲ್ಲಿ ಬಂದ ಜಾರುವ ಹಲ್ಲುಚಕ್ರಗಳ ವ್ಯವಸ್ಥೆ ಮುಂದಿನ ಗೇರ್ ಪೆಟ್ಟಿಗೆಗಳಿಗೆ ದಾರಿ ತೋರಿಸಿತು. ಲಿವರ್ ನೇರವಾಗಿ ಪೆಟ್ಟಿಗೆಯ ನೆತ್ತಿಯ ಮೇಲೆ ನಿಂತಿದ್ದ ಕಾರುಗಳಲ್ಲಿ ಚಾಲಕನ ಕೈಗೂ ಚಕ್ರಗಳಿಗೂ ನಡುವೆ ಹೆಚ್ಚು ಕೀಲುಗಳಿರಲಿಲ್ಲ. ಮುಂದಿನ ಸೀಟಿನಲ್ಲಿ ಮೂವರು ಕೂರಲು ಅನುಕೂಲವಾಗಲೆಂದು ಲಿವರನ್ನು ಸ್ಟೀರಿಂಗ್ ಕಂಬದ ಮೇಲೇರಿಸುವ ಪದ್ಧತಿ 1930ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹಬ್ಬಿ, ಬಳಿಕ ಯುರೋಪಿನ ಕಾರುಗಳಿಗೂ ಬಂದಾಗ, ಕೈಗೂ ಪೆಟ್ಟಿಗೆಗೂ ನಡುವೆ ಉದ್ದನೆಯ ಸರಳುಗಳೂ ಅಡ್ಡ ಸನ್ನೆಗಳೂ ಸೇರಿಕೊಂಡವು. ಪ್ರತಿ ಕೀಲಿನಲ್ಲಿಯೂ ಒಂದು ಬುಷ್ ಬೇಕಾಯಿತು, ಪ್ರತಿ ಬುಷ್ಷಿನ ಸವೆತವೂ ಉಳಿದವುಗಳ ಸವೆತಕ್ಕೆ ಕೂಡುತ್ತ ಹೋಯಿತು. ಲಿವರ್ ಒಂದು ಸನ್ನೆಗೋಲಾದ್ದರಿಂದ ಬುಡದ ಸಡಿಲು ತುದಿಯಲ್ಲಿ ಹಿಗ್ಗುತ್ತದೆ. ಆಧಾರಬಿಂದುವಿನಿಂದ ಮೇಲಿನ ಉದ್ದ ಕೆಳಗಿನ ಉದ್ದದ ಐದು ಪಟ್ಟಿದ್ದರೆ, ಕೆಳಗಿನ ಕೀಲಿನ 1 ಮಿಲಿಮೀಟರ್ ಸವೆತ ಕೈಹಿಡಿಯಲ್ಲಿ 5 ಮಿಲಿಮೀಟರ್ ಆಟವಾಗಿ ಕಾಣಿಸುತ್ತದೆ.

ಇಂತಹ ಸವೆತವನ್ನು ಅಳೆದು ಸರಿಪಡಿಸಬಲ್ಲ ಕೈಗಳು ಪೂರ್ವ ಬೆಂಗಳೂರಿನಲ್ಲಿ ಸಿದ್ಧವಾದದ್ದು ಆಕಸ್ಮಿಕವಲ್ಲ. ಶ್ರೀರಂಗಪಟ್ಟಣದಲ್ಲಿದ್ದ ತಮ್ಮ ಪಡೆಯನ್ನು ಬ್ರಿಟಿಷರು 1809ರಲ್ಲಿ ಇಲ್ಲಿಗೆ ತಂದು ದಂಡುಪ್ರದೇಶವನ್ನು ಸ್ಥಾಪಿಸಿದಾಗಿನಿಂದ, ಹಲಸೂರು ಕೆರೆಯ ಸುತ್ತಣ ನೆಲ ಸೈನ್ಯಕ್ಕೆ ಬೇಕಾದ ಕುಶಲಕರ್ಮಿಗಳ ನೆಲೆಯಾಯಿತು. ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ ಎಂಜಿನಿಯರ್ ಪಡೆಯ ಕೇಂದ್ರ ಕೆರೆಯ ದಡದಲ್ಲಿಯೇ ಇದೆ. ಸೇನೆಯ ವಾಹನಗಳನ್ನೂ ಯಂತ್ರಗಳನ್ನೂ ದುರಸ್ತಿ ಮಾಡುವುದಕ್ಕೆಂದೇ 1943ರಲ್ಲಿ ರೂಪುಗೊಂಡ ದಳಕ್ಕೆ ಸೇರಿದ 515ನೇ ಆರ್ಮಿ ಬೇಸ್ ವರ್ಕ್‌ಶಾಪ್ ಕೂಡ ಹಲಸೂರಿನಲ್ಲಿಯೇ ಬೆಳೆಯಿತು. ಪೂರ್ವಕ್ಕೆ ಇನ್ನಷ್ಟು ಸಾಗಿದರೆ, ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನೊಡನೆ 1940ರ ಡಿಸೆಂಬರಿನಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯ ವಿಮಾನಗಳ ದುರಸ್ತಿ ನೆಲೆಯಾಗಿ ದುಡಿಯಿತು. 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆ, ಮುಂದೆ ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್, 1964ರಲ್ಲಿ ಬಿಇಎಂಎಲ್ ಕಾರ್ಖಾನೆಗಳು ಬಂದವು. ಟರ್ನರ್ ಎಂದರೆ ಲೇತ್ ಯಂತ್ರದಲ್ಲಿ ಲೋಹವನ್ನು ತಿರುಗಿಸಿ ಕಡೆಯುವವನು, ಫಿಟ್ಟರ್ ಎಂದರೆ ಕಡೆದ ಭಾಗಗಳನ್ನು ಅರದಿಂದ ತಿದ್ದಿ ಜೋಡಿಸುವವನು. ವಿಮಾನದ ಭಾಗವನ್ನು ಮಿಲಿಮೀಟರಿನ ನೂರನೇ ಒಂದಂಶದ ನಿಖರತೆಯಲ್ಲಿ ಅಳೆಯಲು ಕಲಿತ ಇಂತಹ ಸಾವಿರಾರು ಕೆಲಸಗಾರರು ಹಳೆ ಮದರಾಸು ರಸ್ತೆ ಮತ್ತು ವಿಮಾನ ನಿಲ್ದಾಣ ರಸ್ತೆಗಳ ಆಸುಪಾಸಿನಲ್ಲಿ ನೆಲೆಸಿದ್ದರಿಂದ, ಕಾರ್ಖಾನೆಯ ಶಿಸ್ತು ಬೀದಿಬದಿಯ ಲೇತ್ ಅಂಗಡಿಗೂ ಗ್ಯಾರೇಜಿಗೂ ಹರಿದು ಬರುವುದು ಸಹಜವಾಗಿತ್ತು.

ಇಂದಿರಾನಗರವು ಬಡಾವಣೆಯಾಗಿ ಮೈದಳೆದದ್ದು ಈ ಎರಡು ರಸ್ತೆಗಳ ನಡುವೆಯೇ. ಬಿನ್ನಮಂಗಲ, ದೂಪನಹಳ್ಳಿ, ಮೋಟಪ್ಪನಪಾಳ್ಯ, ಅಪ್ಪಾರೆಡ್ಡಿಪಾಳ್ಯದಂತಹ ಹಳ್ಳಿಗಳ ಹೊಲತೋಟಗಳು 1970ರ ದಶಕದಲ್ಲಿ ಅಗಲವಾದ ರಸ್ತೆಗಳ ನಿವೇಶನಗಳಾಗಿ ಮಾರ್ಪಟ್ಟವು, ಅದರ ಒಂದು ಭಾಗ ಇಂದಿಗೂ ಎಚ್‌ಎಎಲ್ ಎರಡನೇ ಹಂತವೆಂಬ ಹೆಸರನ್ನು ಉಳಿಸಿಕೊಂಡಿದೆ, ಇನ್ನೊಂದು ಭಾಗ ಸೇನೆಯಲ್ಲಿದ್ದವರ ಡಿಫೆನ್ಸ್ ಕಾಲೊನಿಯಾಯಿತು. ಕಾರು ನಿಲ್ಲಿಸಲು ಜಾಗವಿಟ್ಟು ಕಟ್ಟಿದ ಮನೆಗಳು ಒಂದು ಕಡೆ, ಬಡಾವಣೆಯ ನಡುವೆ ಉಳಿದುಕೊಂಡ ಹಳ್ಳಿಗಳ ಕಿರಿದಾದ ಓಣಿಗಳು ಇನ್ನೊಂದು ಕಡೆ ಇದ್ದುದರಿಂದ ವಾಹನವುಳ್ಳವರೂ ವಾಹನ ರಿಪೇರಿ ಮಾಡುವವರೂ ಕೂಗಳತೆಯಲ್ಲಿ ಬಾಳಿದರು.

ಆ ಮನೆಗಳ ಮುಂದೆ ನಿಂತ ಕಾರುಗಳು ಬಹುಪಾಲು ಎರಡೇ ಬಗೆಯವು. ದೇಶದಲ್ಲಿಯೇ ಕಾರು ತಯಾರಿಸುವ ಯೋಜನೆಯಿಲ್ಲದ ವಿದೇಶಿ ಕಂಪನಿಗಳಿಗೆ ಅವಕಾಶವಿರಬಾರದೆಂದು 1953ರಲ್ಲಿ ಸುಂಕ ಆಯೋಗ ಶಿಫಾರಸು ಮಾಡಿದ ಬಳಿಕ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಭಾರತ ಬಿಟ್ಟವು. ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್, ಮುಂಬಯಿಯ ಪ್ರೀಮಿಯರ್ ಮತ್ತು ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಗಳು ತಯಾರಿಕೆಗೆ ಸರ್ಕಾರದ ಪರವಾನಗಿ ಬೇಕಿದ್ದ ಕಾಲದ ಮೂರು ಕಾರು ತಯಾರಕರಾಗಿ ಉಳಿದವು. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮಾದರಿಯಿಂದ 1957ರಲ್ಲಿ ಬಂದ ಅಂಬಾಸಡರ್ ಮತ್ತು ಇಟಲಿಯ ಫಿಯಟ್ 1100ರಿಂದ ಹುಟ್ಟಿ ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡ ಕಾರು ಎರಡರಲ್ಲಿಯೂ ಲಿವರ್ ಇದ್ದುದು ಸ್ಟೀರಿಂಗ್ ಕಂಬದ ಪಕ್ಕದಲ್ಲಿ. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಾಗಿದ್ದರಿಂದ ಇದ್ದ ಕಾರನ್ನೇ ಇಪ್ಪತ್ತು ಮೂವತ್ತು ವರ್ಷ ಓಡಿಸುವುದು ರೂಢಿಯಾಗಿತ್ತು, ಆ ಅವಧಿಯಲ್ಲಿ ಗೇರ್ ಸರಳುಗಳ ಬುಷ್ಷುಗಳು ಹಲವು ಸಲ ಸವೆದು ಹೋಗುತ್ತಿದ್ದವು. ಮೂರನೇ ಗೇರಿಗೆ ತಳ್ಳಿದರೆ ಲಿವರ್ ಮೊದಲನೆಯದರ ದಾರಿ ಹಿಡಿಯುವುದು, ಎರಡು ಗೇರುಗಳ ನಡುವೆ ಸಿಕ್ಕಿಬೀಳುವುದು, ಬಾನೆಟ್ ಎತ್ತಿ ಸರಳನ್ನು ಕೈಯಿಂದ ಎಳೆದು ಬಿಡಿಸಬೇಕಾಗುವುದು ಆ ಪೀಳಿಗೆಯ ಚಾಲಕರೆಲ್ಲ ಬಲ್ಲ ಕಷ್ಟಗಳು.

ದುರಸ್ತಿಗೆ ಮೂರು ದಾರಿಗಳಿದ್ದವು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹೊಸ ಬುಷ್ ಸಿಕ್ಕರೆ ಹಾಕುವುದು ಒಂದು. ಶಿವಾಜಿನಗರದ ಗುಜರಿಯಲ್ಲಿ ಕಳಚಿಟ್ಟ ಹಳೆಯ ಕಾರುಗಳಿಂದ ಕಡಿಮೆ ಸವೆದ ಜೋಡಣೆಯನ್ನು ಆಯ್ದು ತರುವುದು ಇನ್ನೊಂದು. ಲೇತ್ ಅಂಗಡಿಯಲ್ಲಿ ಹೊಸದಾಗಿ ಕಡೆಸುವುದು ಮೂರನೆಯದು. ಕಸುಬಿನ ಹಿರಿಮೆ ಕಾಣುವುದು ಈ ಮೂರನೆಯ ದಾರಿಯಲ್ಲಿ. ಟರ್ನರ್ ಸರಳಿನ ಹೊರ ಅಳತೆಯನ್ನೂ ತೂತಿನ ಒಳ ಅಳತೆಯನ್ನೂ ಕ್ಯಾಲಿಪರಿನಿಂದ ತೆಗೆದು, ಹಿತ್ತಾಳೆಯ ಅಥವಾ ತಾಮ್ರ, ತವರ, ಸತುಗಳು ಬೆರೆತ ಗನ್‌ಮೆಟಲ್ಲಿನ ಸರಳೊಂದನ್ನು ಲೇತಿಗೆ ಕಚ್ಚಿಸಿ, ಹೊರಮೈಯನ್ನು ತೂತಿಗಿಂತ ಕೂದಲೆಳೆಯಷ್ಟು ದೊಡ್ಡದಾಗಿಯೂ ಒಳಮೈಯನ್ನು ಸರಳಿಗಿಂತ ಅಷ್ಟೇ ದೊಡ್ಡದಾಗಿಯೂ ಕಡೆಯಬೇಕಿತ್ತು. ಹೊರಗೆ ಬಿಗಿಯಾಗಿ ಕೂತು ಒಳಗೆ ಸಲೀಸಾಗಿ ತಿರುಗುವುದೇ ಒಳ್ಳೆಯ ಬುಷ್ಷಿನ ಲಕ್ಷಣ. ಬುಷ್ಷನ್ನು ಒತ್ತಿ ಕೂರಿಸಿದಾಗ ಅದರ ಒಳತೂತು ತುಸು ಕಿರಿದಾಗುವುದರಿಂದ, ಕೂರಿಸಿದ ಮೇಲೆ ರೀಮರ್ ಎಂಬ ಹರಿತವಾದ ಉಳಿಯನ್ನು ಒಳಗೆ ತಿರುಗಿಸಿ ಅಂತಿಮ ಅಳತೆಗೆ ತರಬೇಕು. ಸರಳೇ ಅಂಡಾಕಾರಕ್ಕೆ ಸವೆದಿದ್ದರೆ ಬೆಸುಗೆಯಿಂದ ತುಂಬಿ ಮತ್ತೆ ಕಡೆಯಬೇಕು. ಉರ್ದು, ತಮಿಳು, ಕನ್ನಡಗಳು ಬೆರೆತ ದಂಡಿನ ಗ್ಯಾರೇಜುಗಳಲ್ಲಿ ಈ ವಿದ್ಯೆ ಪುಸ್ತಕದಿಂದಲ್ಲ, ಮೇಸ್ತ್ರಿಯ ಪಕ್ಕದಲ್ಲಿ ನಿಂತ ಹುಡುಗನ ಕಣ್ಣು ಕೈಗಳ ಮೂಲಕ ದಾಟಿಬಂದಿತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದದ್ದು ಈ ಕಸುಬಿನ ಎರಡನೆಯ ಘಟ್ಟ. ಲಿವರ್ ನೆಲಕ್ಕೆ ಇಳಿಯಿತಾದರೂ ಅದರ ಕೆಳಗೆ ಗೇರ್ ಪೆಟ್ಟಿಗೆ ಇರಲಿಲ್ಲ. ಮುಂಚಕ್ರಗಳನ್ನು ತಿರುಗಿಸುವ ಈ ಕಾರಿನಲ್ಲಿ ಎಂಜಿನ್ನೂ ಪೆಟ್ಟಿಗೆಯೂ ಮುಂಭಾಗದಲ್ಲಿ ಅಡ್ಡಲಾಗಿ ಕೂತಿದ್ದು, ಲಿವರಿನ ಚಲನೆಯನ್ನು ನೆಲದಡಿಯ ಸರಳು ಅಲ್ಲಿಗೆ ಮುಟ್ಟಿಸುತ್ತಿತ್ತು. ಆ ಸರಳಿನ ಕೀಲುಗಳಲ್ಲಿ ಲೋಹದ ಬದಲು ರಬ್ಬರು ಮತ್ತು ಪ್ಲಾಸ್ಟಿಕ್ಕಿನ ಬುಷ್ಷುಗಳಿದ್ದವು. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋಥರ್ಸ್ ಅವರ ತಂಡ 1935ರಲ್ಲಿ ರೂಪಿಸಿದ ನೈಲಾನಿನಂತಹ ವಸ್ತುಗಳು ಹಗುರ, ಅಗ್ಗ, ಸದ್ದಿಲ್ಲದವು, ಹೆಚ್ಚು ಎಣ್ಣೆ ಬೇಡದವು. ಆದರೆ ಮಳೆನೀರು, ಕೆಸರು, ಎಂಜಿನ್ನಿನ ಕಾವುಗಳಿಗೆ ಒಡ್ಡಿಕೊಂಡ ರಬ್ಬರು ಬಿರಿಯುತ್ತದೆ, ಪ್ಲಾಸ್ಟಿಕ್ಕಿನ ತೂತು ಅಗಲವಾಗುತ್ತದೆ. ಮಾರುತಿಯ ಸಂಖ್ಯೆ ದೊಡ್ಡದಾಗಿದ್ದರಿಂದ ಗೇರ್ ಲಿವರ್ ಕಿಟ್ ಎಂಬ ಪುಟ್ಟ ಪೊಟ್ಟಣ ಬಿಡಿಭಾಗದ ಅಂಗಡಿಗಳಲ್ಲೆಲ್ಲ ದೊರೆಯತೊಡಗಿ, ಕಡೆಯುವ ಕೆಲಸ ಹಿಂದೆ ಸರಿದು ಬದಲಿಸುವ ಕೆಲಸ ಮುಂದೆ ಬಂದಿತು. 1993ರಲ್ಲಿ ಕಾರು ತಯಾರಿಕೆ ಪರವಾನಗಿಯಿಂದ ಮುಕ್ತವಾದ ಮೇಲೆ ಬಂದ ಅನೇಕ ಕಾರುಗಳಲ್ಲಿ ಸರಳಿನ ಜಾಗವನ್ನು ಎರಡು ತಂತಿಗಳು, ಅಂದರೆ ಕೇಬಲ್ಲುಗಳು, ಹಿಡಿದವು: ಒಂದು ಲಿವರಿನ ಹಿಂದುಮುಂದಿನ ಚಲನೆಗೆ, ಮತ್ತೊಂದು ಎಡಬಲದ ಆಯ್ಕೆಗೆ. ಬುಷ್ಷುಗಳು ಆಗಲೂ ಹೋಗಲಿಲ್ಲ. ಕೇಬಲ್ಲಿನ ತುದಿಯ ಕಣ್ಣುಗಳಲ್ಲಿಯೂ ಲಿವರಿನ ಪೀಠದ ಅಡಿಯಲ್ಲಿಯೂ ಸೇರಿಕೊಂಡವು.

ಮೂರನೆಯ ಘಟ್ಟದಲ್ಲಿ ಕೆಟ್ಟಿಲ್ಲದ ಬುಷ್ಷನ್ನೂ ತೆಗೆಸಿ ಇನ್ನೂ ಬಿಗಿಯಾದದ್ದನ್ನು ಹಾಕಿಸುವ ಗ್ರಾಹಕರು ಕಾಣಿಸಿಕೊಂಡರು. ಕಾರ್ಖಾನೆಯ ಬುಷ್ ಮೆತ್ತಗಿರುವುದು ದೋಷವಲ್ಲ, ಎಂಜಿನ್ನಿನ ನಡುಕ ಕೈಗೆ ತಲುಪದಂತೆ ತಡೆಯುವ ಉದ್ದೇಶದ್ದು. ಆದರೆ ಆ ಮೆತುವಿನಲ್ಲಿಯೇ ಕೈಯ ಒತ್ತಡದ ಒಂದಂಶವೂ ಕರಗಿ, ಗೇರ್ ಬಿದ್ದದ್ದು ಸ್ಪಷ್ಟವಾಗಿ ತಿಳಿಯದಂತಾಗುತ್ತದೆ. 1937ರಲ್ಲಿ ಜರ್ಮನಿಯ ಓಟೋ ಬಾಯರ್ ಕಂಡುಹಿಡಿದ ಪಾಲಿಯುರಿಥೇನ್ ರಬ್ಬರಿಗಿಂತ ಗಡುಸಾಗಿದ್ದು ನಡುಕವನ್ನು ಒಂದಿಷ್ಟು ಹೀರುತ್ತದೆ. 1960ರಲ್ಲಿ ಮಾರುಕಟ್ಟೆಗೆ ಬಂದ ಡೆಲ್ರಿನ್ ಎಂಬ ಅಸಿಟಾಲ್ ಪ್ಲಾಸ್ಟಿಕ್ ಇನ್ನೂ ಗಡುಸು, ನೈಲಾನಿನಂತೆ ನೀರು ಹೀರಿ ಉಬ್ಬುವುದಿಲ್ಲ, ಲೇತಿನಲ್ಲಿ ಚೆನ್ನಾಗಿ ಕಡೆಯಲು ಬರುತ್ತದೆ. ಹಿತ್ತಾಳೆ, ಕಂಚುಗಳು ಎಲ್ಲಕ್ಕಿಂತ ಬಿಗಿಯಾದವು, ಆದರೆ ಗ್ರೀಸು ತಪ್ಪಿದರೆ ಕಿರುಗುಟ್ಟುತ್ತವೆ, ನಡುಕವನ್ನೆಲ್ಲ ಅಂಗೈಗೆ ತಂದು ಸುರಿಯುತ್ತವೆ. ಹೀಗೆ ಹಳೆಯ ಲೇತು ಹೊಸ ವಸ್ತುಗಳೊಂದಿಗೆ ಮತ್ತೆ ಬಳಕೆಗೆ ಬಂದಿತು, ಪದ್ಮಿನಿಗೆ ಗನ್‌ಮೆಟಲ್ ಕಡೆದ ಲೆಕ್ಕಾಚಾರವೇ ಡೆಲ್ರಿನ್ ಕಡೆಯುವುದಕ್ಕೂ ಸಲ್ಲುತ್ತದೆ.

ಈ ಸುಧಾರಣೆಗೆ ತನ್ನದೇ ಮಿತಿಯಿದೆ, ಆ ಮಿತಿಯನ್ನು ಗ್ರಾಹಕನಿಗೆ ತಿಳಿಸಿಕೊಡುವುದು ಒಳ್ಳೆಯ ಮೆಕ್ಯಾನಿಕ್ಕಿನ ಗುರುತು. ಬಿಗಿಯಾದ ಬುಷ್ ಲಿವರಿನ ಅಡ್ಡಾದಿಡ್ಡಿ ಆಟವನ್ನು ತೆಗೆಯುತ್ತದೆಯೇ ಹೊರತು ಗೇರಿನಿಂದ ಗೇರಿಗೆ ಕೈ ಸಾಗಬೇಕಾದ ದೂರವನ್ನು ಮೊಟಕು ಮಾಡುವುದಿಲ್ಲ. ಅದಕ್ಕೆ ಲಿವರಿನ ಉದ್ದದ ಪ್ರಮಾಣವನ್ನೇ ಬದಲಿಸಬೇಕು. ಹಲ್ಲುಚಕ್ರಗಳ ವೇಗವನ್ನು ಸರಿಹೊಂದಿಸುವ ಸಿಂಕ್ರೊ ಬಳೆಗಳು ಸವೆದಿದ್ದರೆ ಅಥವಾ ಕ್ಲಚ್ ಪೂರ್ತಿ ಬಿಡುತ್ತಿಲ್ಲದಿದ್ದರೆ ಎಂತಹ ಬುಷ್ಷಿನಿಂದಲೂ ಪ್ರಯೋಜನವಿಲ್ಲ. ಆದ್ದರಿಂದ ಅನುಭವಿಗಳು ಎಂಜಿನ್ ನಿಲ್ಲಿಸಿ, ಒಬ್ಬರು ಒಳಗೆ ಕೂತು ಲಿವರ್ ಅಲ್ಲಾಡಿಸುತ್ತಿರುವಾಗ ಇನ್ನೊಬ್ಬರು ಕೆಳಗಿನಿಂದ ಒಂದೊಂದೇ ಕೀಲನ್ನು ನೋಡುತ್ತ, ಲಿವರ್ ಚಲಿಸಿದರೂ ಸರಳು ಚಲಿಸದ ಜಾಗ ಯಾವುದೆಂದು ಪತ್ತೆಹಚ್ಚುತ್ತಾರೆ. ನ್ಯೂಟ್ರಲ್‌ನಲ್ಲಿ ಲಿವರ್ ಎಡಬಲಕ್ಕೆ ಓಲಾಡುವುದು ಸಹಜ, ಗೇರಿನಲ್ಲಿದ್ದಾಗ ಓಲಾಡುವುದೇ ಸವೆತದ ಸಾಕ್ಷಿ ಎಂಬ ವಿವೇಕ ಇವರದು.

ಈ ಕಸುಬು ನಿಂತ ನೆಲ ಈಗ ಬೇಗ ಬದಲಾಗುತ್ತಿದೆ. ಇಂದಿರಾನಗರದ ನೂರಡಿ ರಸ್ತೆಯ ಮನೆಗಳು ಅಂಗಡಿ, ಹೋಟೆಲುಗಳಾದವು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ನಗರದ ಮೊದಲ ಮೆಟ್ರೊ ಬಡಾವಣೆಯ ಸಿಎಂಎಚ್ ರಸ್ತೆಯ ನೆತ್ತಿಯ ಮೇಲೆ ಹಾದು ಹೋಯಿತು. ಗೇರ್ ಲಿವರೇ ಬೇಡದ ರೇವಾ ವಿದ್ಯುತ್ ಕಾರು 2001ರಲ್ಲಿ ಬೆಂಗಳೂರಿನಲ್ಲಿಯೇ ತಯಾರಾಗಿ ಬೀದಿಗಿಳಿದಿತ್ತು. ಅಂಬಾಸಡರ್ ತಯಾರಿಕೆ ನಿಂತ 2014ರಲ್ಲಿಯೇ ಮಾರುತಿ ಸೆಲೆರಿಯೊ ಕಡಿಮೆ ಬೆಲೆಯ ಸ್ವಯಂಚಾಲಿತ ಗೇರನ್ನು ಮಧ್ಯಮ ವರ್ಗಕ್ಕೆ ತಂದಿತು. ದಟ್ಟಣೆಯ ರಸ್ತೆಯಲ್ಲಿ ಕ್ಲಚ್ ತುಳಿದು ದಣಿದವರು ಆ ಕಡೆ ವಾಲಿದಷ್ಟೂ ಕೈಗೇರು ಅದನ್ನು ಪ್ರೀತಿಯಿಂದ ಆರಿಸಿಕೊಂಡವರ ಪಾಲಾಗುತ್ತದೆ, ಬುಷ್ ಬಿಗಿ ಮಾಡಿಸುವುದೂ ಆ ಪ್ರೀತಿಯ ಭಾಗವಾಗುತ್ತದೆ.

ಬೆಂಗಳೂರಿನ ಕೈಗಾರಿಕಾ ಚರಿತ್ರೆ ಇದುವರೆಗೆ ದೊಡ್ಡ ಕಾರ್ಖಾನೆಗಳ ಚರಿತ್ರೆಯಾಗಿಯೇ ಹೆಚ್ಚಾಗಿ ಬರೆಯಲ್ಪಟ್ಟಿದೆ. ಆ ಕಾರ್ಖಾನೆಗಳ ನಿಖರತೆ ಊರಿಗೆ ಇಳಿದದ್ದು, ಕೊರತೆಯ ದಶಕಗಳಲ್ಲಿ ಜನರ ವಾಹನಗಳು ಓಡಿದ್ದು ಲೇತ್ ಅಂಗಡಿ, ಗುಜರಿ, ಗ್ಯಾರೇಜುಗಳ ಮೂಲಕ. ಯಾವ ಕಾರಿಗೆ ಯಾವ ಲೋಹ ಒಗ್ಗಿತು, ಎಷ್ಟು ಅಂತರ ಬಿಟ್ಟರೆ ಲಿವರ್ ಬಿಗಿಯಾಗಿಯೂ ಸಲೀಸಾಗಿಯೂ ನಡೆಯಿತು ಎಂಬ ಅಳತೆಗಳು ಇಂದಿಗೂ ಹಿರಿಯ ಟರ್ನರುಗಳ ನೆನಪಿನಲ್ಲಿವೆ. ಕೈಗಾರಿಕಾ ತರಬೇತಿ ಸಂಸ್ಥೆಗಳೂ ಸ್ಥಳೀಯ ಇತಿಹಾಸಕಾರರೂ ಸೇರಿ ಅವನ್ನು ಕನ್ನಡದಲ್ಲಿ ದಾಖಲಿಸಿದರೆ, ಹಳೆಯ ಕಾರುಗಳನ್ನು ಉಳಿಸಿಕೊಳ್ಳುವವರಿಗೆ ಅದು ಕೈಪಿಡಿಯಾಗುತ್ತದೆ, ಪೂರ್ವ ಬೆಂಗಳೂರು ವಿಮಾನ ಕಟ್ಟುವವರ ಊರಾಗಿರುವಷ್ಟೇ ಸವೆದದ್ದನ್ನು ಸರಿಪಡಿಸುವವರ ಊರೂ ಆಗಿತ್ತೆಂಬುದಕ್ಕೆ ಲಿಖಿತ ಆಧಾರವೂ ಆಗುತ್ತದೆ.