ಗಮ್, ಗೋಂದು, ಅಂಟು

ಗೋಂದಿನ ಸೀಸೆಯಿಲ್ಲದ ಕಚೇರಿಯನ್ನು ನಮ್ಮ ಹಿರಿಯರ ತಲೆಮಾರು ಕಂಡದ್ದಿಲ್ಲ. ಊರು ಬಿಟ್ಟು ಮುಂಬಯಿಗೋ ಮದರಾಸಿಗೋ ಗುಮಾಸ್ತರಾಗಿ ಬಂದ ಕನ್ನಡಿಗರಿಗೆ ಆ ಸೀಸೆಯೂ ಅದರ ಮೂತಿಯಲ್ಲಿ ಒಣಗಿ ಗಾಜಿನಂತಾದ ಕಂದುಬಣ್ಣದ ಹಕ್ಕಳೆಯೂ ಚಿರಪರಿಚಿತ. ಕಚೇರಿಯಲ್ಲಿ ಅದಕ್ಕೆ ಗಮ್ ಎಂದು ಹೆಸರು, ಮನೆಯಲ್ಲಿ ಗೋಂದು, ಊರಿನ ಅಜ್ಜಿಯ ಬಾಯಲ್ಲಿ ಅಂಟು. ಮೂರೂ ಒಂದೇ ವಸ್ತುವಿನ ಹೆಸರುಗಳೆಂದು ಮೇಲುನೋಟಕ್ಕೆ ಕಂಡರೂ ಒಂದೊಂದರ ಚರಿತ್ರೆ ಬೇರೆ, ಒಂದೊಂದರ ಹೊಟ್ಟೆಯೊಳಗಿನ ಅರ್ಥಗಳೂ ಬೇರೆ. ಪರನಾಡಿನ ನಮ್ಮ ಮಕ್ಕಳು ಮೊದಲನೆಯದನ್ನು ಬಲ್ಲರು, ಎರಡನೆಯದನ್ನು ಕೇಳಿದ್ದಾರೆ. ಮೂರನೆಯದು ಅವರ ಬಾಯಿಂದ ಜಾರುತ್ತಿದೆ. ಆದಕಾರಣ ಈ ಮೂರು ಮಾತುಗಳ ಕಥೆಯನ್ನು ಹೇಳುವುದು ಅಪ್ರಸ್ತುತವಾಗಲಾರದು.

ಇಂಗ್ಲಿಷಿನ ಗಮ್ ಇಂಗ್ಲೆಂಡಿನಲ್ಲಿ ಹುಟ್ಟಿದ ಮಾತಲ್ಲ. ಅದರ ಬೇರು ಈಜಿಪ್ಟಿನದು. ನೈಲ್ ನದಿಯ ತೀರದಲ್ಲಿ, ನಮ್ಮ ಜಾಲಿಯ ಬಳಗದ ಮುಳ್ಳುಮರಗಳಿಂದ ಒಸರುವ ರಸಕ್ಕೆ ಅಲ್ಲಿಯ ಪ್ರಾಚೀನರು ಇಟ್ಟ ಹೆಸರು ಗ್ರೀಕರಲ್ಲಿ ‘ಕೊಮ್ಮಿ’ಯಾಯಿತು, ರೋಮನರಲ್ಲಿ ‘ಗುಮ್ಮಿ’ಯಾಯಿತು, ಫ್ರೆಂಚರಲ್ಲಿ ‘ಗೊಮ್’ ಆಗಿ ಕಡಲ ಕಾಲುವೆಯನ್ನು ದಾಟಿ ಇಂಗ್ಲಿಷರಿಗೆ ಸಿಕ್ಕಿತು. ಈಜಿಪ್ಟಿನವರು ಕಾಡಿಗೆಯನ್ನು ಈ ರಸದಲ್ಲಿ ಕಲಸಿ ಶಾಯಿ ಮಾಡಿದರು. ಹೆಣವನ್ನು ಕೆಡದಂತೆ ಇಡುವಾಗ ಸುತ್ತುವ ನಾರುಬಟ್ಟೆಯ ಪಟ್ಟಿಗಳಿಗೆ ಇದನ್ನೇ ಸವರುತ್ತಿದ್ದರೆಂದು ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬರೆದಿಟ್ಟಿದ್ದಾನೆ. ಒಂದು ಸೋಜಿಗವನ್ನು ನೋಡಿರಿ: ಅಂದು ಅಕ್ಷರವನ್ನು ಹಾಳೆಗೆ ಅಂಟಿಸಿದ ಈ ವಸ್ತುವಿನ ಹೆಸರು ಇಂದು ಫ್ರೆಂಚ್ ಮಕ್ಕಳ ಬಾಯಲ್ಲಿ ಅಕ್ಷರವನ್ನು ಅಳಿಸುವ ರಬ್ಬರಿನ ಹೆಸರಾಗಿದೆ! ಜರ್ಮನರಿಗೂ ಗುಮ್ಮಿ ಎಂದರೆ ರಬ್ಬರೇ. ಮಳೆಗಾಲದ ಗಮ್‌ಬೂಟಿನಲ್ಲಿ ಇರುವುದೂ ಆ ಅರ್ಥವೇ.

ಹಲ್ಲಿನ ಒಸಡಿಗೂ ಇಂಗ್ಲಿಷಿನಲ್ಲಿ ಗಮ್ ಎನ್ನುತ್ತಾರಲ್ಲ ಎಂದು ಕೇಳುವಿರಿ. ಅದು ಬೇರೆಯೇ ಮನೆತನದ ಮಾತು. ಹಳೆಯ ಇಂಗ್ಲಿಷಿನಲ್ಲಿ ಬಾಯ ಅಂಗುಳಿಗೆ ‘ಗೋಮ’ ಎಂಬ ಹೆಸರಿತ್ತು. ಅದು ಸವೆದು ಗಮ್ ಆಯಿತು. ಎರಡು ಊರುಗಳಿಂದ ಹೊರಟವರು ಒಂದೇ ಛತ್ರದಲ್ಲಿ ತಂಗಿದ ಹಾಗೆ, ಅಷ್ಟೆ. ಹೈದರಾಬಾದು, ದೆಹಲಿಗಳಲ್ಲಿ ಇರುವ ನಮ್ಮವರಿಗೆ ಇನ್ನಿಬ್ಬರು ತಂಗಿಗರ ಪರಿಚಯವೂ ಉಂಟು. ಉರ್ದುವಿನ ‘ಗಮ್’ ಎಂದರೆ ದುಃಖ. ಅದು ಅರಬ್ಬಿಯಿಂದ ಬಂದದ್ದು. ‘ಗುಮ್’ ಎಂದರೆ ಕಳೆದುಹೋದದ್ದು, ಅದು ಪಾರಸಿ. ರೈಲಿನಲ್ಲಿ ಪೆಟ್ಟಿಗೆ ಗುಮ್ ಆದರೆ ಗಮ್ ಆಗದಿರುತ್ತದೆಯೆ? ನಮ್ಮ ‘ಗುಮಾನಿ’ಯೂ ‘ಗುಮಾಸ್ತ’ನೂ ಪಾರಸಿಯಿಂದಲೇ ಬಂದವರಾದರೂ ಗೋಂದಿನ ಸೀಸೆಗೂ ಅವರಿಗೂ ರಕ್ತಸಂಬಂಧವಿಲ್ಲ.

ಇನ್ನು ವ್ಯಾಪಾರದ ಕಥೆ. ಹದಿನೆಂಟನೆಯ ಶತಮಾನದಲ್ಲಿ ಯುರೋಪಿನಲ್ಲಿ ಬಟ್ಟೆಗೆ ಬಣ್ಣದ ಅಚ್ಚು ಹಾಕುವ ಕಸುಬು ಬೆಳೆದಾಗ, ಬಣ್ಣ ಹರಡದಂತೆ ಗಟ್ಟಿಮಾಡಲು ಗೋಂದು ಅತ್ಯವಶ್ಯಕವಾಯಿತು. ಆಫ್ರಿಕದ ಸೆನೆಗಾಲ್ ನದಿಯ ಬಾಯಿಗಾಗಿ ಫ್ರೆಂಚರೂ ಇಂಗ್ಲಿಷರೂ ಕಾದಾಡಿದ್ದಕ್ಕೆ ಇದೂ ಒಂದು ಕಾರಣ. ೧೭೫೮ರಲ್ಲಿ ಅಲ್ಲಿಯ ಸೇಂಟ್ ಲೂಯಿ ಪಟ್ಟಣವನ್ನು ಇಂಗ್ಲಿಷರು ಹಿಡಿದುಕೊಂಡರು. ಇತ್ತ ಕೆಂಪುಸಮುದ್ರ, ಏಡನ್ನುಗಳ ಕಡೆಯ ಸರಕು ಮುಂಬಯಿ ಬಂದರಿಗೆ ಬಂದಿಳಿದು, ಅಲ್ಲಿಂದ ಮರಳಿ ಹಡಗೇರಿ ಲಂಡನ್ನಿಗೆ ಹೋಗುತ್ತಿತ್ತು. ಆಫ್ರಿಕದ ಮರದಲ್ಲಿ ಹುಟ್ಟಿದ್ದಾದರೂ ಮುಂಬಯಿಯ ಮೂಲಕ ಹೋದದ್ದರಿಂದ ಲಂಡನ್ನಿನ ಪೇಟೆಯಲ್ಲಿ ಅದಕ್ಕೆ ‘ಈಸ್ಟ್ ಇಂಡಿಯಾ ಗಮ್’ ಎಂದು ಹೆಸರಾಯಿತು. ವಲಸೆ ಬಂದವರಿಗೆ ಹುಟ್ಟಿದೂರಿನ ಹೆಸರಿಗಿಂತ ಹಾದುಬಂದ ಊರಿನ ಹೆಸರೇ ನಿಲ್ಲುವುದುಂಟು! ಈ ವ್ಯಾಪಾರ ಇಂದಿಗೂ ನಿಂತಿಲ್ಲ. ೧೯೯೭ರಲ್ಲಿ ಅಮೆರಿಕವು ಸೂಡಾನಿನ ಮೇಲೆ ವಾಣಿಜ್ಯ ನಿರ್ಬಂಧವನ್ನು ಹೇರಿದಾಗಲೂ ಗೋಂದಿಗೆ ದಾರಿ ಬಿಟ್ಟುಕೊಟ್ಟಿತು. ತಂಪು ಪಾನೀಯದವರಿಗೂ ಮಿಠಾಯಿಯವರಿಗೂ ಅದಿಲ್ಲದೆ ನಡೆಯುತ್ತಿರಲಿಲ್ಲ.

ಗಮ್ ಎಂಬ ಮಾತು ನಮ್ಮ ನಾಡಿನ ನೆಲವನ್ನೇ ಮುಟ್ಟಿದ ಕಥೆ ಇನ್ನೊಂದಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ೧೭೭೦ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗು ಆಸ್ಟ್ರೇಲಿಯದ ಪೂರ್ವತೀರವನ್ನು ಮುಟ್ಟಿದಾಗ, ತೊಗಟೆಯಿಂದ ಕೆಂಪು ರಸವನ್ನು ಒಸರಿಸುವ ಎತ್ತರದ ಮರಗಳನ್ನು ಅವನೂ ಅವನ ಜೊತೆಗಾರ ಜೋಸೆಫ್ ಬ್ಯಾಂಕ್ಸನೂ ಕಂಡರು. ಅವು ‘ಗಮ್ ಮರ’ಗಳೆನಿಸಿದವು. ಶಾಸ್ತ್ರದ ಪ್ರಕಾರ ಆ ರಸ ಗೋಂದೇ ಅಲ್ಲ. ನಿಜವಾದ ಗೋಂದು ನೀರಿನಲ್ಲಿ ಕರಗುತ್ತದೆ, ಇಲ್ಲವೆ ಉಬ್ಬುತ್ತದೆ. ರಾಳ ನೀರಿಗೆ ಮಣಿಯದು, ಬೆಂಕಿಗೆ ಹೊತ್ತಿಕೊಳ್ಳುತ್ತದೆ. ಈ ಕೆಂಪು ರಸವಾದರೋ ನಮ್ಮ ಕಾಚಿನ ಹಾಗೆ ಒಗರಾದದ್ದು. ಆದರೂ ಇಟ್ಟ ಹೆಸರು ಬಿಡಲಿಲ್ಲ. ಪಂಡಿತರು ೧೭೮೮ರಲ್ಲಿ ಯೂಕಲಿಪ್ಟಸ್ ಎಂದು ನಾಮಕರಣ ಮಾಡಿದರೂ ಜನರ ಬಾಯಲ್ಲಿ ಗಮ್ ಎಂಬುದೇ ಉಳಿಯಿತು.

ಈ ಮರವನ್ನು ೧೭೯೦ರ ಸುಮಾರಿಗೆ ಟಿಪ್ಪು ಸುಲ್ತಾನನು ನಂದಿಬೆಟ್ಟದ ತನ್ನ ತೋಟದಲ್ಲಿ ನೆಡಿಸಿದನೆಂದು ಅರಣ್ಯಶಾಸ್ತ್ರದ ಪುಸ್ತಕಗಳಲ್ಲಿ ಹೇಳಿಕೆಯಿದೆ. ೧೮೪೩ರಲ್ಲಿ ನೀಲಗಿರಿ ಬೆಟ್ಟಗಳಿಗೆ ಅದು ಮತ್ತೊಮ್ಮೆ ಬಂತು. ಉದಕಮಂಡಲದ ಚಳಿಗೆ ದೊರೆಗಳ ಒಲೆಗಳಿಗೆ ಸೌದೆ ಬೇಕಾಗಿತ್ತು. ಅಲ್ಲಿ ಬೆಳೆದದ್ದು ‘ಬ್ಲೂ ಗಮ್’. ಆ ಬೆಟ್ಟದಿಂದ ಎಣ್ಣೆಯೂ ಸಸಿಯೂ ಇಳಿದು ಬಂದದ್ದರಿಂದ ಕನ್ನಡಿಗರು ಮರವನ್ನೇ ‘ನೀಲಗಿರಿ’ ಎಂದು ಕರೆದರು. ಹೀಗೆ ಆಸ್ಟ್ರೇಲಿಯದ ಮರಕ್ಕೆ ನಮ್ಮ ಬೆಟ್ಟದ ಹೆಸರು ದೊರೆಯಿತು. ಅತ್ತ ನಂದಿಬೆಟ್ಟದ ಸಂತತಿಯ ಮರಕ್ಕೆ ಅರಣ್ಯಾಧಿಕಾರಿಗಳು ಇಟ್ಟ ಹೆಸರು ‘ಮೈಸೂರು ಗಮ್’. ಮೈಸೂರು ಪಾಕು, ಮೈಸೂರು ಮಲ್ಲಿಗೆಗಳ ಜೊತೆಗೆ ಇದೂ ಒಂದು ಮೈಸೂರು! ೧೯೬೦ರ ಬಳಿಕ ಅದು ಸಾವಿರಾರು ಎಕರೆಗಳಲ್ಲಿ ಹಬ್ಬಿತು. ಸೌದೆಗೆಂದು ಬಂದದ್ದು ಕಾಗದಕ್ಕೂ ಕೃತಕ ರೇಷ್ಮೆಗೂ ಬೇಕಾದ ತಿರುಳಾಯಿತು. ಕೋಲಾರದ ಕಡೆ ರಾಗಿಯ ಹೊಲಗಳಲ್ಲೇ ಸಾಲುಗಟ್ಟಿ ನಿಂತಿತು. ರೈತನಿಗೆ ಆಳಿನ ಖರ್ಚಿಲ್ಲ, ದನ ಮೇಯುವ ಭಯವಿಲ್ಲ, ಕೆಲವು ವರ್ಷಕ್ಕೊಮ್ಮೆ ಕೈಗೆ ಹಣ. ಆದರೆ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ ಕೆಲಸ ತಪ್ಪಿತು, ಮನೆಯ ಕಣಜಕ್ಕೆ ರಾಗಿ ತಪ್ಪಿತು, ಬಾವಿಯ ನೀರು ಕೆಳಗಿಳಿಯಿತೆಂಬ ಕೂಗೆದ್ದಿತು. ೧೯೮೩ರಲ್ಲಿ ತುಮಕೂರು ಜಿಲ್ಲೆಯ ರೈತರು ಸಸಿಮಡಿಗಳಿಗೆ ನುಗ್ಗಿ ನೀಲಗಿರಿಯ ಎಳೆಗಿಡಗಳನ್ನು ಕಿತ್ತು, ಆ ಜಾಗದಲ್ಲಿ ಹುಣಿಸೆ, ಮಾವುಗಳ ಬೀಜ ಹಾಕಿದರು. ಕಡೆಗೆ ೨೦೧೭ರಲ್ಲಿ ಕರ್ನಾಟಕ ಸರ್ಕಾರವು ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಬಯಲುಸೀಮೆಯಿಂದ ಪರಸ್ಥಳಕ್ಕೆ ಬಂದ ಎಷ್ಟೋ ಮನೆತನಗಳ ಬಿಟ್ಟುಬಂದ ಹೊಲಗಳಲ್ಲಿ ಈ ಮರವೇ ನಿಂತಿತ್ತೆಂಬುದನ್ನೂ ಮರೆಯುವಂತಿಲ್ಲ. ಉಳುವವರಿಲ್ಲದ ಭೂಮಿಗೆ ಅದು ಸುಲಭದ ಬೆಳೆ.

ಚೂಯಿಂಗ್ ಗಮ್ಮಿನ ವಿಷಯವಾಗಿ ಹೆಚ್ಚು ಹೇಳಬೇಕಾದ್ದಿಲ್ಲ. ಅಮೆರಿಕದ ಥಾಮಸ್ ಆಡಮ್ಸ್ ಎಂಬಾತನು ೧೮೭೧ರಲ್ಲಿ ಅದರ ಯಂತ್ರಕ್ಕೆ ಹಕ್ಕು ಪಡೆದನು. ಅದಕ್ಕೆ ಆಗ ಬಳಸುತ್ತಿದ್ದುದು ಮೆಕ್ಸಿಕೋ ದೇಶದ ಒಂದು ಮರದ ಹಾಲು. ಆ ಮರ ಮತ್ತಾವುದೂ ಅಲ್ಲ, ನಮ್ಮ ತೋಟಗಳಲ್ಲಿ ಬೆಳೆಯುವ ಸಪೋಟ, ಮುಂಬಯಿಯವರ ಚಿಕ್ಕು. ಕಾಯನ್ನು ಕಚ್ಚಿ ತುಟಿ ಅಂಟಿಸಿಕೊಂಡ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ಮಾತಿಗೆ ಬರೋಣ. ಗೋಂದು ಉತ್ತರದಿಂದ ಬಂದದ್ದು, ಹಿಂದಿಯ ಗೋಂದ್. ಅಂಟು ಮಾತ್ರ ಅಚ್ಚ ದ್ರಾವಿಡ. ಅದು ಹೆಸರೂ ಹೌದು, ಕ್ರಿಯೆಯೂ ಹೌದು. ಮರದ ರಸವೂ ಹೌದು, ಹತ್ತಿಕೊಳ್ಳುವ ಗುಣವೂ ಹೌದು. ಗಮ್ಮಿಗೆ ಈ ಐಶ್ವರ್ಯವಿಲ್ಲ. ಜಿಡ್ಡನ್ನು ತೊಳೆಯುವ ಕಾಯಿಗೆ ಅಂಟುವಾಳ ಎಂದು ಹೆಸರು. ಬಳಗಕ್ಕೆ ಅಂಟುನಂಟು ಎಂದೆವು. ಸಂಸಾರದಲ್ಲಿದ್ದೂ ವಿರಕ್ತನಾದವನನ್ನು ಅಂಟಿಯೂ ಅಂಟದಂತಿದ್ದಾನೆ ಎಂದೆವು. ಒಬ್ಬರಿಂದೊಬ್ಬರಿಗೆ ಹರಡುವ ಬೇನೆ ಅಂಟುಜಾಡ್ಯ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಊರಿಗೆ ಊರೇ ಈ ಮಾತಿಗೆ ನಡುಗಿತು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಆ ಭಯದ ಬೆನ್ನಿಗೇ.

ಇದೇ ಮಾತಿಗೆ ನಾಚಿಕೆಗೇಡಿನ ಅರ್ಥವೂ ಒಂದಿದೆ. ಮನುಷ್ಯನನ್ನು ಮನುಷ್ಯನು ಮುಟ್ಟಿದರೆ ಏನೋ ಹತ್ತಿಕೊಳ್ಳುತ್ತದೆಂಬ ಭಾವನೆಗೂ ನಮ್ಮವರು ಅಂಟುಮುಟ್ಟು ಎಂದೇ ಹೆಸರಿಟ್ಟರು. ಕೂಡಿಸುವ ಮಾತಿನಿಂದಲೇ ದೂರವಿಡುವ ಮಾತನ್ನು ಮಾಡಿಕೊಂಡ ನಮ್ಮ ಜಾಣತನಕ್ಕೆ ಏನೆನ್ನಬೇಕೋ ತಿಳಿಯದು. ೧೯೫೦ರ ಸಂವಿಧಾನದ ಹದಿನೇಳನೆಯ ವಿಧಿ ಆ ಆಚಾರವನ್ನು ರದ್ದು ಮಾಡಿತು. ೧೯೫೫ರ ಶಾಸನ ಅದನ್ನು ಶಿಕ್ಷಾರ್ಹ ಅಪರಾಧವೆಂದಿತು. ನಿಘಂಟಿನಲ್ಲಿ ಆ ಅರ್ಥ ಇರಲಿ. ಇದ್ದದ್ದನ್ನು ಇಲ್ಲವೆನ್ನುವುದು ಚರಿತ್ರೆಯಲ್ಲ.

ನಮ್ಮವರು ಅಂಟಿಗೆ ಜಾಲಿಯೊಂದನ್ನೇ ನಂಬಿ ಕೂತವರಲ್ಲ. ಹುಣಿಸೆ ಬೀಜವನ್ನು ಅರೆದು ಬೇಯಿಸಿದ ಸರಿಯನ್ನು ಕುರುಬರು ಕಂಬಳಿಯ ನೂಲಿಗೆ ಸವರಿ ಗಡುಸು ಮಾಡುತ್ತಿದ್ದರು. ಅದೇ ಅಂಟಿನಲ್ಲಿ ಇದ್ದಿಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಕರಿಹಲಗೆಯಂತೆ ಮಾಡಿ, ಮಡಿಸಿ ಇಡುವ ಪುಸ್ತಕವೇ ಕಡತ. ಬಳಪದಿಂದ ಅದರ ಮೇಲೆ ಲೆಕ್ಕಪತ್ರ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದುಬಂದಿವೆ. ಇಂದು ವಿಧಾನಸೌಧದಲ್ಲಿ ಕಡತ ವಿಲೇವಾರಿ ಎನ್ನುವವರ ಪೈಕಿ ಎಷ್ಟು ಮಂದಿಗೆ ಅದರೊಳಗಿನ ಹುಣಿಸೆ ಬೀಜದ ನೆನಪಿದೆಯೊ!

ಅಂಚೆಯ ಅಂಟನ್ನು ಬಿಟ್ಟರೆ ಪರಸ್ಥಳದವರ ಕಥೆ ಅಪೂರ್ಣ. ೧೮೪೦ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಮೊದಲ ಅಂಟುಚೀಟಿಯ ಬೆನ್ನಿಗೆ ಇದ್ದದ್ದು ಆಲೂಗೆಡ್ಡೆಯ ಪಿಷ್ಟದಿಂದ ಮಾಡಿದ ಅಂಟು. ೧೮೫೪ರಲ್ಲಿ ಕಲಕತ್ತೆಯಲ್ಲಿ ಅಚ್ಚಾದ ಭಾರತದ ಚೀಟಿಗಳಿಗಾದರೋ ಅಂಟೇ ಇರಲಿಲ್ಲ. ಅಂಟಿಸಿಕೊಳ್ಳುವುದು ಬರೆದವನ ಪಾಡು. ನಮ್ಮ ಮಳೆಗಾಲದ ತೇವಕ್ಕೆ ಅಂಟು ಬಳಿದ ಹಾಳೆಗಳು ಒಂದಕ್ಕೊಂದು ಹತ್ತಿಕೊಂಡು ಕೆಡುತ್ತಿದ್ದುದರಿಂದ ಅಂಚೆ ಕಚೇರಿಯ ಕಟ್ಟೆಯ ಮೇಲೆ ಗೋಂದಿನ ಬಟ್ಟಲು ಬಹುಕಾಲ ಉಳಿಯಿತು. ಮಾಟುಂಗಾದಿಂದ ಧಾರವಾಡಕ್ಕೆ, ತ್ಯಾಗರಾಯನಗರದಿಂದ ಮೈಸೂರಿಗೆ ಹೋದ ಮನಿಯಾರ್ಡರಿನ ಸುದ್ದಿ, ಮದುವೆಯ ಮಾತುಕತೆ, ಸಾವಿನ ವರ್ತಮಾನ ಎಲ್ಲಕ್ಕೂ ಮೊಹರು ಆ ಕೊಳಕು ಬಟ್ಟಲಿನದೇ. ಇದನ್ನು ಹಾಡಿ ಹೊಗಳಿದ ಕವಿ ಯಾರೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಕೊನೆಗೆ ಅಡಿಗೆಮನೆ. ಉತ್ತರ ಕರ್ನಾಟಕದ ಬಾಣಂತಿಗೆ ಅಂಟಿನುಂಡೆ ಇಲ್ಲದೆ ಬಾಣಂತನವೇ ಇಲ್ಲ. ಅಂಟಿನ ಹರಳನ್ನು ತುಪ್ಪದಲ್ಲಿ ಹುರಿದರೆ ಅರಳಿನಂತೆ ಉಬ್ಬುತ್ತದೆ. ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲದ ಪಾಕ ಸೇರಿ ಉಂಡೆಯಾಗುತ್ತದೆ. ಬೀಗರು ಇದನ್ನು ಡಬ್ಬಿಯಲ್ಲಿ ತುಂಬಿ ರೈಲಿನಲ್ಲಿ ಕಳಿಸುತ್ತಿದ್ದ ಕಾಲ ತೀರ ಹಿಂದಿನದಲ್ಲ. ಈಗ ಇದ್ದೂರಿನಲ್ಲೇ ಮಾಡಿಕೊಳ್ಳುವ ಗೃಹಿಣಿಯರಿಗೆ ಅಂಗಡಿಯ ಭಾಷೆಯೊಂದೇ ತೊಡಕು. ಮುಂಬಯಿ ಪುಣೆಗಳಲ್ಲಿ ಡಿಂಕ ಎಂದು ಕೇಳಬೇಕು, ದೆಹಲಿಯಲ್ಲಿ ಗೋಂದ್, ಹೈದರಾಬಾದಿನ ತೆಲುಗರ ಅಂಗಡಿಯಲ್ಲಿ ಬಂಕ. ಚೆನ್ನೈಯಲ್ಲಿ ಪಿಸಿನ್ ಎಂದರೆ ಬಾದಾಮಿ ಪಿಸಿನನ್ನು ಕಟ್ಟಿಕೊಟ್ಟಾರು, ಎಚ್ಚರ: ಅದು ನೀರಿನಲ್ಲಿ ನೆನೆಸಿ ಬೇಸಗೆಯ ಪಾನಕಕ್ಕೆ ಹಾಕುವ ಸರಕು, ತುಪ್ಪದಲ್ಲಿ ಅರಳುವುದಿಲ್ಲ.